ನಾಲ್ಕನೇ ತಾರೀಖಿನ ಹಾಳೆ

ನಮ್ಮ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಒಂದು ಮೊಳೆಯಿದೆ. ನನ್ನ ಅತ್ತೆಯ ಕಾಲದಲ್ಲಿ ಅದಕ್ಕೆ ಸೀಮೆಎಣ್ಣೆ ಬುಡ್ಡಿ ತೂಗುತ್ತಿತ್ತು. ಕರೆಂಟು ಬಂದ ಮೇಲೆ ಬುಡ್ಡಿ ಅಟ್ಟ ಸೇರಿತು, ಮೊಳೆಗೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು ಬಂತು. ಬೆಳಗ್ಗೆ ಎದ್ದು ಮುಖ ತೊಳೆದು ನಿನ್ನೆಯ ಹಾಳೆ ಹರಿಯುವುದು ಈ ಮನೆಯಲ್ಲಿ ನನ್ನ ಕೆಲಸ, ಬೇರೆಯವರು ಕೈ ಹಾಕಿದರೆ ಬೈಸಿಕೊಳ್ಳುತ್ತಾರೆ. ಹರಿದದ್ದನ್ನು ಎಸೆಯುವುದಿಲ್ಲ. ಇಂಗು ಕಟ್ಟಿಡುವುದಕ್ಕೆ, ಕಾಫಿ ಲೋಟಕ್ಕೆ ನೊಣ ಬೀಳದಂತೆ ಮುಚ್ಚುವುದಕ್ಕೆ, ಮಿಕ್ಕದ್ದು ನೀರೊಲೆ ಹಚ್ಚುವುದಕ್ಕೆ. ಕಳೆದುಹೋದ ದಿನಕ್ಕೆ ಇದಕ್ಕಿಂತ ಹೆಚ್ಚಿನ ಉಪಯೋಗವನ್ನು ನಾನು ಕಂಡಿಲ್ಲ. ನೀವು ಕಂಡಿದ್ದರೆ ಹೇಳಿ, ಕೇಳುತ್ತೇನೆ.

ನನ್ನ ಮೊಮ್ಮಗಳು ಸವಿತಾಳ ಮಾವ ಹಾಗಲ್ಲ. ಪಾಂಡವಪುರದವರು, ಹೆಡ್‌ಮೇಷ್ಟ್ರಾಗಿ ನಿವೃತ್ತರಾದವರು, ಅದಕ್ಕೂ ಮುಂಚೆ ನಮ್ಮ ಪಾಲಹಳ್ಳಿಯಲ್ಲೇ ಬಹಳ ವರ್ಷ ಪಾಠ ಹೇಳಿದವರು. ಕಳೆದ ದಿನವೆಂದರೆ ಅವರಿಗೆ ಉಪ್ಪಿನಕಾಯಿ ಇದ್ದ ಹಾಗೆ, ಹಳೆಯದಾದಷ್ಟೂ ನಾಲಿಗೆಗೆ ಹಚ್ಚಿಕೊಂಡು ಚಪ್ಪರಿಸುತ್ತಾರೆ. ಮನೆಯ ಜಗಲಿಯ ಮೇಲೆ ಒಂದು ಕರಿಹಲಗೆ ಒರಗಿಸಿಟ್ಟು, ದಿನವೂ ಸ್ನಾನ ಮಾಡಿದ ಕೈಯಲ್ಲೇ ಸೀಮೆಸುಣ್ಣ ಹಿಡಿದು, ಇತಿಹಾಸದಲ್ಲಿ ಈ ದಿನ ಎಂದು ತಲೆಬರಹ ಹಾಕಿ, ಯಾವ ರಾಜ ಸತ್ತ, ಯಾವ ಹಡಗು ಮುಳುಗಿತು, ಎಲ್ಲಿ ಯುದ್ಧ ಹತ್ತಿತು ಎಂದು ಬರೆಯುತ್ತಾರೆ. ಡೇರಿಗೆ ಹಾಲು ಹಾಕಿ ಬರುವವರು ಖಾಲಿ ಕ್ಯಾನು ಹಿಡಿದು ನಿಂತು ಓದಿಕೊಂಡು ಹೋಗುತ್ತಾರೆ. ಒಂದು ಸಲ ನಾನು ಕೇಳಿದ್ದೆ, 'ಬೀಗ್ರೇ, ಲೋಕದಲ್ಲಿ ಯಾರೂ ಒಂದು ದಿನಾನೂ ನೆಟ್ಟಗೆ ಉಂಡು ಮಲಗಿಲ್ವೇ?' ಎಂದು. 'ಉಂಡು ಮಲಗೋದು ಇತಿಹಾಸ ಅಲ್ಲ ಕಣಮ್ಮ' ಅಂದರು.

ಚೊಚ್ಚಲ ಹೆರಿಗೆ ತವರಿನದು. ಸೀಮಂತ ಮುಗಿಸಿ ಸವಿತಾಳನ್ನು ಕರೆತಂದಿದ್ದೆವು. ಈ ಪದ್ಧತಿಯಲ್ಲಿ ಒಂದು ಇಕ್ಕಟ್ಟಿದೆ: ಹುಡುಗಿಯ ಹೊಣೆ ನಮ್ಮದು, ಮಾತು ಮಾತ್ರ ಬೀಗರದು. ಮೇ ತಿಂಗಳ ನಾಲ್ಕನೇ ತಾರೀಖು ಬೆಳಗ್ಗೆ ನಾನು ಮೂರರ ಹಾಳೆ ಹರಿದು ಕೈಯಲ್ಲಿ ಹಿಡಿದಿದ್ದೆ, ಸವಿತಾ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. 'ಅಜ್ಜಿ, ಎದ್ದಾಗಿಂದ ಮಗು ಒದೀತಾನೇ ಇಲ್ಲ ಕಣಜ್ಜಿ.' ಅವಳ ಹೊಟ್ಟೆಯ ಮೇಲೆ ಕೈಯಿಟ್ಟೆ. ನಿನ್ನೆಯವರೆಗೆ ಒಳಗೆ ಮೀನಿನಂತೆ ಹೊರಳುತ್ತಿದ್ದದ್ದು ತಣ್ಣಗೆ ಕೂತಿತ್ತು. ನನ್ನ ಮಗ ಆಟೋ ತಂದ. ಶ್ರೀರಂಗಪಟ್ಟಣದ ಆಸ್ಪತ್ರೆ ಮುಟ್ಟುವವರೆಗೆ ಅವಳ ಹೊಟ್ಟೆಯ ಮೇಲಿನ ಕೈಯನ್ನು ನಾನು ತೆಗೆಯಲಿಲ್ಲ.

ಡಾಕ್ಟರಮ್ಮ ಹೊಟ್ಟೆಗೆ ಪಟ್ಟಿ ಬಿಗಿದು ನೋಡಿ, ಮಗುವಿನ ಎದೆಬಡಿತ ಇಳಿಯುತ್ತಿದೆ, ಈಗಲೇ ಆಪರೇಷನ್ ಮಾಡಬೇಕು ಎಂದರು. ಅಷ್ಟರಲ್ಲಿ ಸುದ್ದಿ ತಿಳಿದು ಸವಿತಾಳ ಗಂಡ ನವೀನ ಬೈಕಿನ ಹಿಂದೆ ಅಪ್ಪನನ್ನು ಕೂರಿಸಿಕೊಂಡು ಬಂದ. ಮೇಷ್ಟ್ರ ಬೆರಳಲ್ಲಿ ಇನ್ನೂ ಸೀಮೆಸುಣ್ಣದ ಪುಡಿ ಇತ್ತು.

'ಇವತ್ತು ಬೇಡ ಡಾಕ್ಟ್ರೇ,' ಅಂದರು. 'ನಾಳೆ ಬೆಳಗ್ಗೆ ಮಾಡಿ. ಇವತ್ತು ಮೇ ನಾಲ್ಕು.'

'ಆದ್ರೇನು ಸಾರ್?'

'ಪಟ್ಣ ಬಿದ್ದ ದಿನ. ಸುಲ್ತಾನರು ಸತ್ತದ್ದು ಇದೇ ತಾರೀಖು, ಇದೇ ಊರು. ನೀವು ನಿಂತಿರೋ ನೆಲದಲ್ಲಿ ಅವತ್ತು ರಕ್ತ ಹರೀತು. ಅಮೆರಿಕದಲ್ಲಿ ಓದೋ ಮಕ್ಕಳ ಮೇಲೆ ಸಿಪಾಯಿಗಳು ಗುಂಡು ಹಾರಿಸಿ ನಾಲ್ಕು ಜನಾನ ಕೊಂದದ್ದೂ ಮೇ ನಾಲ್ಕೇ. ಚೀನಾದಲ್ಲಿ ವಿದ್ಯಾರ್ಥಿಗಳು ಬೀದಿಗೆ ಬಿದ್ದದ್ದೂ ಇದೇ ದಿನ.'

'ನಾಳೆವರೆಗೂ ಮಗು ಕಾಯಲ್ಲ ಸಾರ್. ಥಿಯೇಟರ್ ರೆಡಿ ಮಾಡಿಸ್ತೀನಿ, ಅಷ್ಟರಲ್ಲಿ ತೀರ್ಮಾನ ಮಾಡ್ಕೊಳ್ಳಿ' ಎಂದು ಡಾಕ್ಟರಮ್ಮ ಒಳಗೆ ನಡೆದರು. ನವೀನ ಅಪ್ಪನ ಮುಖ ನೋಡಿದ. ನನ್ನ ಮಗ, ಹೆಣ್ಣು ಕೊಟ್ಟವನು, ನೆಲ ನೋಡಿದ. ನನಗೆ ರೇಗಿತು.

'ಮೇಷ್ಟ್ರೇ, ನಮ್ಮೂರ ಹೈಕ್ಳನ್ನ ಸ್ಕೂಲಿಗೆ ಸೇರಿಸ್ವಾಗ ಅವ್ವಂದಿರಿಗೆ ಹುಟ್ಟಿದ ದಿನ ಗೊತ್ತಿರ್ಲಿಲ್ಲ ಅಂತ ಎಲ್ರಿಗೂ ಜೂನ್ ಒಂದು ಅಂತ ಬರ್ದೋರು ಯಾರು?'

'ನಾನೇ. ಸ್ಕೂಲು ಸುರುವಾಗೋ ದಿನ ಅಂತ ಬರೀತಿದ್ವಿ.'

'ಅಂಗಾದ್ರೆ ಅರ್ಧ ಊರು ಒಂದೇ ದಿನ ಹುಟ್ಟೈತೆ. ಒಬ್ಬ ಅರಳಿಕಟ್ಟೆ ಮೇಲೆ ಇಸ್ಪೀಟು ಆಡ್ತಾ ಕೂತವ್ನೆ, ಇನ್ನೊಬ್ಬ ಪೊಲೀಸಾಗಿ ಅವ್ನ ಇಡಿಯಾಕೆ ಬತ್ತಾವ್ನೆ. ಇಬ್ರುದೂ ಜೂನ್ ಒಂದು. ದಿನ ಏನು ಮಾಡ್ತು?'

ಪಕ್ಕದ ಬೆಂಚಿನಲ್ಲಿದ್ದ ಹೆಂಗಸು ಕಿಸಕ್ಕೆಂದಳು. ಮೇಷ್ಟ್ರು ನಗಲಿಲ್ಲ. 'ಅದು ನಾನು ಬರೆದ ಸುಳ್ಳು ತಾರೀಖು ಕಣಮ್ಮ. ಸುಳ್ಳಿಗೆ ಫಲ ಇರಲ್ಲ. ಇದು ನಿಜವಾದದ್ದು' ಅಂದರು. ಆಮೇಲೆ ದನಿ ತಗ್ಗಿಸಿದರು. 'ನನ್ನ ಮಗಳಿಗೂ ಇಂಗೇ ದಿನ ನೋಡ್ದೆ ಕೊಯ್ಸಿದ್ವಿ. ತೊಟ್ಲು ಕಟ್ಟಿದ್ವಿ. ಒಂದು ವಾರಕ್ಕೆ ಕೂಸು ಹೋಯ್ತು, ತೊಟ್ಲು ಇಳಿಸಿದ್ವಿ. ನಿಮಗೆ ಗೊತ್ತಿಲ್ವಾ?'

ಗೊತ್ತಿತ್ತು. ವಾದದಲ್ಲಿ ನಾನು ಸೋತಿದ್ದೆ, ಒಳಗಿನಿಂದ ಮಗುವಿನ ಎದೆಬಡಿತ ಹಿಡಿಯುವ ಯಂತ್ರದ ಟಕಟಕ ಕೇಳುತ್ತಿತ್ತು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಬೇಕಾದದ್ದಕ್ಕಿಂತ ಹೆಚ್ಚು ತಡವಾಗುತ್ತಿದೆಯೆಂದು ನನ್ನ ಕಿವಿಗೆ ಅನ್ನಿಸುತ್ತಿತ್ತು.

ಭಯ ಹತ್ತಿದಾಗ ಮನಸ್ಸು ಸಂಬಂಧವಿಲ್ಲದ ಕಡೆಗೆ ಓಡುತ್ತದೆ, ನೀವೂ ಕಂಡಿರುತ್ತೀರಿ. ನನ್ನದು ಹೊಳೆದಂಡೆಯ ಒಗೆಯುವ ಕಲ್ಲಿಗೆ ಓಡಿತು. ಅದೇ ಕಲ್ಲಿನ ಮೇಲೆ ಮದುವಣಗಿತ್ತಿಯ ಸೀರೆ ಜಾಲಿಸಿದ್ದೇನೆ, ಸೂತಕದ ಬಟ್ಟೆ ಬಡಿದಿದ್ದೇನೆ, ಕೂಸಿನ ದುಪಟಿ ಹಿಂಡಿದ್ದೇನೆ. ಒಂದರ ಕೊಳೆ ಇನ್ನೊಂದಕ್ಕೆ ಹತ್ತಿದ್ದನ್ನು ಕಾಣೆ, ನೀರು ತನ್ನ ಪಾಡಿಗೆ ತೊಳೆದುಕೊಂಡು ಹೋಗುತ್ತದೆ. ತಾರೀಖೂ ಅಂಥದೊಂದು ಕಲ್ಲು. ಪಟ್ಟಣ ಬಿದ್ದ ದಿನ ಕೋಟೆಗೋಡೆ ಒಡೆಯುವ ಸದ್ದು ಪಾಲಹಳ್ಳಿಗೆ ಕೇಳಿಸಿಯೇ ಇರುತ್ತದೆ. ಕೇಳಿಸಿಕೊಂಡೇ ಯಾವಳೋ ಹಸು ಕರೆದಿರುತ್ತಾಳೆ, ಹೊತ್ತು ಮೀರಿದರೆ ಕೆಚ್ಚಲು ಕಟ್ಟುತ್ತದಲ್ಲ. ಯಾವಳೋ ಹಿತ್ತಿಲಲ್ಲಿ ಸೊಂಟ ಹಿಡಿದುಕೊಂಡು ಹೆತ್ತಿರುತ್ತಾಳೆ. ಸುಲ್ತಾನರು ಸತ್ತರೆಂದು ಅವಳ ನೋವು ನಾಳೆಗೆ ನಿಂತಿರುತ್ತದೆಯೇ? ಅವಳ ಕೂಸು ಬೆಳೆದು, ಅದರ ಮೊಮ್ಮಕ್ಕಳ ಮೊಮ್ಮಕ್ಕಳು ನಾವಾಗಿದ್ದರೂ ಆದೀತು. ಅದನ್ನು ಹಲಗೆಯ ಮೇಲೆ ಬರೆದವರಿಲ್ಲ, ಅಷ್ಟೇ.

ಇದನ್ನೆಲ್ಲ ನಾನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಮೇಷ್ಟ್ರು ಇನ್ನೊಂದು ಉತ್ತರ ಕೊಡುತ್ತಿದ್ದರು.

ಗಾಲಿಮಂಚದ ಮೇಲೆ ಸವಿತಾಳನ್ನು ತಳ್ಳಿಕೊಂಡು ನರ್ಸು ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು ನನ್ನ ಮೊಮ್ಮಗಳು. ತುಟಿ ಒಣಗಿತ್ತು.

'ಮಾವ, ಇವತ್ತು ಲೋಕದಲ್ಲಿ ಒಳ್ಳೇದೇನೂ ಆಗೇ ಇಲ್ವಾ?'

ಇತಿಹಾಸದ ಮಾತಿನಲ್ಲಿ ಮೇಷ್ಟ್ರು ಸುಳ್ಳು ಹೇಳುವವರಲ್ಲ. 'ಆಗೈತೆ ಕಣವ್ವ. ಪನಾಮಾ ಅಂತ ಒಂದು ಕಾಲುವೆ, ಸಮುದ್ರಕ್ಕೂ ಸಮುದ್ರಕ್ಕೂ. ಅದರ ಕೆಲಸಾನ ಅಮೆರಿಕದೋರು ಕೈಗೆ ತಕಂಡದ್ದು ಇವತ್ತೇ. ಇಂಗ್ಲೆಂಡಿಗೆ ಮೊದಲ್ನೇ ಸಲ ಹೆಂಗಸು ಪ್ರಧಾನಿ ಆದದ್ದೂ ಇವತ್ತೇ.'

'ಬೋರ್ಡಲ್ಲಿ ಬರ್ದಿದ್ರಾ ಅದ್ನ?'

'ಇಲ್ಲ. ಜಾಗ ಸಾಲ್ಲಿಲ್ಲ.'

ಸವಿತಾ ನರ್ಸಿನ ಕಡೆ ತಿರುಗಿ, 'ಅಕ್ಕ, ಎಲ್ಲಿ ರುಜು ಹಾಕ್ಬೇಕು?' ಅಂದಳು.

ನರ್ಸು ನವೀನನನ್ನು ನೋಡಿದಳು. 'ಅವ್ರನ್ನೇನು ನೋಡ್ತೀರಾ? ಹೊಟ್ಟೆ ನಂದು' ಎಂದು ಸವಿತಾ ಪೆನ್ನು ಕಿತ್ತುಕೊಂಡು, ಮಲಗಿದಲ್ಲೇ ಸೊಟ್ಟಸೊಟ್ಟಗೆ ಹೆಸರು ಬರೆದಳು. ಹೊಣೆ ತವರಿನದೋ, ಮಾತು ಬೀಗರದೋ ಎಂದು ನಾವು ಜಗ್ಗಾಡುತ್ತಿದ್ದ ಹಗ್ಗದ ಎರಡೂ ತುದಿ ಅವಳ ಕೈಯಲ್ಲೇ ಇತ್ತು. ಅದನ್ನು ಅವಳೇ ತೋರಿಸಿಕೊಡಬೇಕಾಯಿತು. ಮಂಚ ಒಳಗೆ ಹೋಯಿತು, ಬಾಗಿಲು ಮುಚ್ಚಿತು.

ಮೇಷ್ಟ್ರು ಗೋಡೆಗೆ ಒರಗಿ ನಿಂತರು. ನಾನು ಬೆಂಚಿನ ಮೇಲೆ ಜಾಗ ಬಿಟ್ಟೆ, ಅವರು ಕೂರಲಿಲ್ಲ. ಮಗುವಿನ ಅಳು ಕೇಳಬೇಕಾದ ಹೊತ್ತಿಗೆ ಕೇಳಲಿಲ್ಲ. ಒಳಗೆ ಯಾರೋ ಓಡಿದರು, ಏನೋ ಬಿತ್ತು, ಮತ್ತೆ ಸದ್ದಿಲ್ಲ. 'ನಾನು ಹೇಳಿರ್ಲಿಲ್ವಾ' ಎಂದು ಮೇಷ್ಟ್ರು ಅನ್ನಬಹುದಿತ್ತು. ಅನ್ನಲಿಲ್ಲ, ಕಣ್ಣು ಮುಚ್ಚಿಕೊಂಡರು. ಆ ಒಂದು ಮಾತು ಆಡದೆ ಇದ್ದದ್ದಕ್ಕೆ ಅವರಿಗೆ ನಾನು ಋಣಿ. ಆಮೇಲೆ ಬೆಕ್ಕಿನ ಮರಿಯಂಥ ಒಂದು ಕೀರಲು ದನಿ ಬಂತು, ನಿಂತಿತು, ಮತ್ತೆ ಬಂತು, ಈ ಸಲ ಸಿಟ್ಟಿನಿಂದ.

ಗಂಡುಮಗು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು ನೀಲಿಗಟ್ಟಿತ್ತಂತೆ. 'ಇನ್ನು ಸ್ವಲ್ಪ ತಡ ಆಗಿದ್ರೆ' ಎಂದು ಡಾಕ್ಟರಮ್ಮ ಶುರುಮಾಡಿ, ಮೇಷ್ಟ್ರ ಮುಖ ನೋಡಿ ಅಲ್ಲಿಗೇ ಬಿಟ್ಟರು.

ಹೊಲಿಗೆ ಬಿಚ್ಚುವವರೆಗೆ ನಾನು ಆಸ್ಪತ್ರೆಯಲ್ಲೇ ಇದ್ದೆ. ಬಾಣಂತಿಯನ್ನು ಮನೆಗೆ ತಂದು, ಆರತಿ ಎತ್ತಿ ಒಳಗೆ ಕಾಲಿಟ್ಟರೆ, ಮೊಳೆಯ ಮೇಲೆ ಇನ್ನೂ ನಾಲ್ಕನೇ ತಾರೀಖು. ನನ್ನ ಬೈಗುಳಕ್ಕೆ ಹೆದರಿ ಯಾರೂ ಹಾಳೆ ಹರಿದಿರಲಿಲ್ಲ. ಅಷ್ಟು ದಿನವೂ ನಮ್ಮ ಮನೆಯೊಂದು ಅದೇ ದಿನದಲ್ಲಿ ನಿಂತುಬಿಟ್ಟಿತ್ತು. ನಾನು ನಿನ್ನೆಯವರೆಗಿನ ಹಾಳೆಗಳನ್ನು ಒಟ್ಟಿಗೆ ಹಿಡಿದು ಹರಿದೆ.

ಕೂಸು ನೋಡಲು ಬಂದಿದ್ದ ಮೇಷ್ಟ್ರು ಹಿತ್ತಿಲಲ್ಲಿ ಸುಮ್ಮನೆ ನಿಂತಿದ್ದರು. ಬೀಗರಿಗೆ ಕೆಲಸ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಹಂಡೆಯ ನೀರು ತಣ್ಣಗಿತ್ತು, ನನ್ನ ಕೈಯಲ್ಲಿ ಎಣ್ಣೆ ಹಚ್ಚಿದ ಕೂಸಿತ್ತು. 'ಸುಮ್ಕೆ ಯಾಕೆ ನಿಂತಿದ್ದೀರಿ, ಒಲೆ ಹಚ್ಚಿ' ಎಂದು ಹಾಳೆಗಳನ್ನು ಕೊಟ್ಟೆ. ಅವರು ಪಂಚೆ ಎತ್ತಿ ಕಟ್ಟಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮೇಲಿದ್ದ ನಾಲ್ಕರ ಹಾಳೆಯನ್ನು ಕನ್ನಡಕದ ಹತ್ತಿರ ಹಿಡಿದು ಓದಿದರು. ಬಹಳ ಹೊತ್ತು ಓದುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

'ಓದಿದ್ದಾಯ್ತಾ ಬೀಗ್ರೇ? ಕೂಸಿಗೆ ಚಳಿ ಆಯ್ತದೆ.'

ಅವರು ಹಾಳೆಯನ್ನು ಉದ್ದಕ್ಕೆ ತಿರುಚಿ, ತುದಿಗೆ ಬೆಂಕಿ ತಾಗಿಸಿ, ತೆಂಗಿನ ಗರಿಯ ಅಡಿಗೆ ತಳ್ಳಿ ಊದತೊಡಗಿದರು. ಮೊದಲು ಹೊಗೆ ಬಂತು, ಮೇಷ್ಟ್ರು ಕೆಮ್ಮಿದರು. ಆಮೇಲೆ ಉರಿ ಹಿಡಿಯಿತು.