ಕುಬೇರನ ದಿಕ್ಕಿನ ಕೋಣೆ

ಬೆಳಕು ಹರಿಯುವ ಮೊದಲು ವಸಂತಾ ರಾತ್ರಿಯ ಥಂಡಿಗೆ ಕಿಟಕಿ ಗಾಜಿನ ಮೇಲೆ ಇಳಿದ ನೀರನ್ನು ಹಳೇ ಟವೆಲಿನಿಂದ ಒರೆಸಬೇಕು. ಚಪಾತಿ ಹಿಟ್ಟು ಕಲಸಬೇಕು. ಗಂಡನ ಶರ್ಟಿಗೆ ಇಸ್ತ್ರಿ ಹಾಕಬೇಕು, ಅವನ ಕರಪತ್ರಗಳನ್ನು ಬೀದಿವಾರು ಕಟ್ಟಿಡಬೇಕು, ಸಂಜೆ ಬರುವ ಕಾರ್ಯಕರ್ತರ ಊಟಕ್ಕೆ ಕಡಲೆ ನೆನೆಹಾಕಬೇಕು. ಕೊನೆಗೆ ವಿನಿಗರ್ ಬಾಟಲಿ ಹಿಡಿದು ಹಿತ್ತಲಿನ ಗರಾಜಿಗೆ ಹೋಗಿ, ಗೋಡೆಯ ಮೇಲೆ ಮತ್ತೆ ಮತ್ತೆ ಬೆಳೆಯುವ ಕಪ್ಪು ಬೂಷ್ಟನ್ನು ಉಜ್ಜಬೇಕು. ಆಮೇಲೆ ಈಸ್ಟ್ ತಮಾಕಿ ಎಂಬ ಬಡಾವಣೆಯ ಗೋದಾಮಿಗೆ ಬಸ್ಸು. ಅಲ್ಲಿಯದನ್ನು ಮಾತ್ರ ಕೆಲಸ ಅನ್ನುತ್ತಾರೆ.

ಗಂಡ ನಟರಾಜ ಮೌಂಟ್ ರಾಸ್ಕಿಲ್‌ನ ಲೋಕಲ್ ಬೋರ್ಡ್ ಸದಸ್ಯ, ಅಂದರೆ ಬಡಾವಣೆಯ ಜನ ಆರಿಸಿದ ಪ್ರತಿನಿಧಿ. ಮೈಸೂರಿನಿಂದ ಬಂದ ಎಂಜಿನಿಯರು. ಈ ಸಲವೂ ಚುನಾವಣೆಗೆ ನಿಂತಿದ್ದಾನೆ. ಅವನ ವಿಷಯ ಒಂದೇ, ವಸತಿ. "ತೇವವಿಲ್ಲದ, ಬೆಚ್ಚನೆಯ ಮನೆ ಪ್ರತಿಯೊಬ್ಬರ ಹಕ್ಕು" ಎಂದು ಅವನು ಹೇಳಿದರೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ.

ಗರಾಜು ಕಟ್ಟಿಸಿ ಅದನ್ನು ಬಾಡಿಗೆ ಕೋಣೆ ಮಾಡಿದ್ದೂ ಅವನೇ. ಹಿತ್ತಲಲ್ಲಿ ಜಾಗ ಬೇಕಾದಷ್ಟಿತ್ತು. ಆದರೆ ವಾಸ್ತು ಪ್ರಕಾರ ನೈಋತ್ಯದಲ್ಲಿ ಭಾರ ಇರಬೇಕು ಎಂದು ಅದನ್ನು ನೈಋತ್ಯ ಮೂಲೆಯಲ್ಲೇ ಕಟ್ಟಿಸಿದ. ಮನೆಯೊಳಗಿನ ತನ್ನ ಆಫೀಸನ್ನು ಉತ್ತರಕ್ಕೆ, ಕುಬೇರನ ದಿಕ್ಕಿಗೆ ಇಟ್ಟುಕೊಂಡ.

"ರೀ, ಈ ದೇಶದಲ್ಲಿ ಸೂರ್ಯ ಉತ್ತರದಲ್ಲಿ ಹಾದುಹೋಗ್ತಾನೆ. ಆ ಮೂಲೆಗೆ ಬಿಸಿಲೇ ಬರಲ್ಲ" ಎಂದಿದ್ದಳು ವಸಂತಾ. ದಿನವೂ ಬಟ್ಟೆ ಒಣಹಾಕುವವಳಿಗೆ ಬಿಸಿಲು ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

"ಶಾಸ್ತ್ರ ಊರೂರಿಗೆ ಬದಲಾಗುತ್ತೇನೆ? ಸುಮ್ನಿರು."

ಶಾಸ್ತ್ರ ಅವನದು, ಬೂಷ್ಟು ಇವಳದು.

ಈಗ ಆ ಕೋಣೆಯಲ್ಲಿ ದಾವಣಗೆರೆಯ ಲಾಸ್ಯಾ ಇದ್ದಾಳೆ. ಓದಲು ಬಂದವಳು ಇಲ್ಲೇ ನೆಲೆಸಿದಳು. ಗಂಡ ಕೆಲಸಕ್ಕೆಂದು ಕ್ರೈಸ್ಟ್‌ಚರ್ಚ್‌ನಲ್ಲಿದ್ದಾನೆ. ಕಂಕುಳಲ್ಲಿ ಕೂಸು, ತನ್ಮಯ್. ಚಳಿಗಾಲ ಹಿಡಿದಾಗಿನಿಂದ ಕೂಸಿಗೆ ಕೆಮ್ಮು ಬಿಟ್ಟಿಲ್ಲ. ಥಂಡಿ ಕೋಣೆಯಿಂದ ಮೊದಲು ಹೊರಗೆ ತನ್ನಿ ಎಂದು ಡಾಕ್ಟರು ಹೇಳಿದ್ದಾರೆ.

"ಚುನಾವಣೆ ಮುಗೀಲಿ, ನೋಡೋಣ" ಎಂದ ನಟರಾಜ.

ಭಾನುವಾರ ಕರಪತ್ರಕ್ಕೆ ಫೋಟೋ ಬೇಕಾಯಿತು. "ಲಾಸ್ಯಾ, ಪಾಪೂನ ಆಫೀಸಿಗೆ ಕರ್ಕೊಂಡ್ ಬಾಮ್ಮ, ಅಲ್ಲಿ ಬೆಳಕು ಚೆನ್ನಾಗಿದೆ" ಎಂದು ಅವನೇ ಕರೆದ. ಕೂಸನ್ನು ಎತ್ತಿಕೊಂಡು ನಕ್ಕ. ಫೋಟೋ ಮುಗಿಯುವಷ್ಟರಲ್ಲಿ ತನ್ಮಯ್ ಸೋಫಾದ ಬಿಸಿಲಲ್ಲಿ ನಿದ್ದೆಹೋಗಿದ್ದ. ಒಂದು ಸಲವೂ ಕೆಮ್ಮಲಿಲ್ಲ.

"ಆಂಟಿ, ಎಷ್ಟ್ ದಿನ ಆಗಿತ್ತು ಹಿಂಗ್ ಮಲಗಿ" ಎಂದಳು ಲಾಸ್ಯಾ, ಪಿಸುಮಾತಿನಲ್ಲಿ.

ನಟರಾಜ ಗಡಿಯಾರ ನೋಡಿದ. "ಮೀಟಿಂಗಿಗೆ ಜನ ಬರ್ತಾರಮ್ಮ. ಎತ್ಕೊಂಡ್ ಹೋಗು. ವಸಂತಾ, ಕಾಫಿ ಇಡು."

ಮಲಗಿದ್ದ ಮಗುವನ್ನು ಎತ್ತಿಸಿದ! ಹಕ್ಕಿನ ಭಾಷಣಕ್ಕೆ ಬೇಕಾದದ್ದು ಮಗುವಿನ ಮುಖ ಮಾತ್ರ, ಅದರ ಶ್ವಾಸಕೋಶವಲ್ಲ. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅದನ್ನೂ ವಸಂತಾಳೇ ಒರೆಸಿದಳು.

ಕರಪತ್ರ ಅಚ್ಚಾಗಿ ಬಂದ ಮರುದಿನ ನಟರಾಜ ಹೆಂಡರ್ಸನ್ ಬಡಾವಣೆಯ ಸಭೆಗೆ ಹೋದ. ಲಾಸ್ಯಾ ಮಗುವಿನೊಂದಿಗೆ ಡಾಕ್ಟರ ಬಳಿ ಹೋಗಿದ್ದಳು. ವಸಂತಾ ಗೋದಾಮಿಗೆ ಫೋನು ಮಾಡಿ ರಜೆ ಹೇಳಿದಳು. ಸಂಜೆ ಕಾರ್ಯಕರ್ತರು ಬರುವವರಿದ್ದರು. ಅವರೆದುರು ಅವನು ಕೂಗಾಡಿಯಾನು, ಆಮೇಲೆ ತಿಂಗಳುಗಟ್ಟಲೆ ಮಾತು ಬಿಟ್ಟಾನು. ಅದೆಲ್ಲ ಅವಳಿಗೆ ಗೊತ್ತಿತ್ತು. ಮನೆಪತ್ರದಲ್ಲಿ ತನ್ನ ಹೆಸರೂ ಇದೆ ಎಂಬುದೂ ಗೊತ್ತಿತ್ತು.

ಆಫೀಸಿನ ಮೇಜನ್ನು ಹಿತ್ತಲವರೆಗೆ ಎಳೆದಳು. ಕುರ್ಚಿ, ಬ್ಯಾನರು, ಕರಪತ್ರದ ಪೆಟ್ಟಿಗೆ ಒಂದೊಂದಾಗಿ ಗರಾಜಿಗೆ ಹೋದವು. ತೊಟ್ಟಿಲು, ಹಾಸಿಗೆ, ಮಗುವಿನ ಬಟ್ಟೆ ಕುಬೇರನ ದಿಕ್ಕಿಗೆ ಬಂದವು. ಒಬ್ಬಳೇ ಎತ್ತಿ ಇಳಿಸಿ ಸೊಂಟ ಹಿಡಿದುಕೊಂಡಿತ್ತು. ಆಫೀಸಿನ ಬೀಗದ ಕೈಯನ್ನು ತೊಟ್ಟಿಲಿನ ದಿಂಬಿನ ಮೇಲಿಟ್ಟಳು.

ಮತ್ತೊಮ್ಮೆ ಗರಾಜಿಗೆ ಹೋಗಿ ದೀಪ ಹಾಕಿದಳು. ಪೆಟ್ಟಿಗೆಯ ಮೇಲಿನ ಕರಪತ್ರದಲ್ಲಿ ತನ್ಮಯ್ ನಗುತ್ತಿದ್ದ. ಹಿಂದಿನ ಗೋಡೆಯಲ್ಲಿ ಬೂಷ್ಟು ಹರಡಿತ್ತು. ವಿನಿಗರ್ ಬಾಟಲಿ ಕೈಯಲ್ಲೇ ಇತ್ತು. ಅದನ್ನು ಗಂಡನ ಮೇಜಿನ ಮೇಲಿಟ್ಟು, ಬಾಗಿಲು ಎಳೆದುಕೊಂಡು ಬಂದಳು.