ದೊರೆಗೆಂದು ನೇಯ್ದ ಕಂಬಳಿ

ಮೈಸೂರು ಅರಮನೆ ನೋಡಲು ಹೊರಟ ಬಸ್ಸಿನಲ್ಲಿ ಎಲ್ಲರ ಮಡಿಲಲ್ಲೂ ಬುತ್ತಿಗಂಟು ಇತ್ತು, ನಮ್ಮಮ್ಮನ ಮಡಿಲಲ್ಲಿ ಕಂಬಳಿ ಇತ್ತು. ಅರವತ್ತರ ದಶಕ ಮುಗಿಯುತ್ತ ಬಂದ ಕಾಲ. ಮಧುಗಿರಿಯಿಂದ ಶಿರಾಕ್ಕೆ ಹೋಗುವ ದಾರಿಯ ಮೇಲೆ ನಮ್ಮೂರು. ಅಮ್ಮ ಉಣ್ಣೆ ನೂಲುತ್ತಿದ್ದಳು, ಅಪ್ಪ ನೇಯುತ್ತಿದ್ದ. ಈ ಕಂಬಳಿ ಅಪ್ಪನ ಕೈಯಿಂದ ಬಂದ ಕೊನೆಯದು. ಅದಕ್ಕೆ ಹುಣಸೆಬೀಜದ ಗಂಜಿ ಹಾಕಿ ಒಣಗಿಸಿ ಮಡಚುವಾಗ, "ಇದನ್ನ ಮಾರ್ಬ್ಯಾಡ ಕಣೆ. ಇದ್ರ ಮ್ಯಾಲೆ ದೊರೆ ಕೂತ್ಕಬೇಕು" ಅಂದಿದ್ದ. ಅದಾಗಿ ಸ್ವಲ್ಪ ದಿನಕ್ಕೇ ಹೋಗಿಬಿಟ್ಟ.

ನಮ್ಮ ಕಡೆ ದೊಡ್ಡವರು ಬಂದರೆ ಕುರ್ಚಿ ಎಳೆಯುವುದಿಲ್ಲ, ಕಂಬಳಿ ಮಡಚಿ ಹಾಸುತ್ತೇವೆ. ಅದೇ ಗದ್ದಿಗೆ. ಇಂಥವರಿಗೆ ಅಂತ ಹೇಳಿ ನೇಯ್ದ ಕಂಬಳಿ ಹೊಸ್ತಿಲು ದಾಟಿತೋ, ಮತ್ತೆ ಮನೆಯೊಳಗೆ ಬರುವಂತಿಲ್ಲ. ಅದಕ್ಕೇ ನನಗೆ ಹೆದರಿಕೆ. ಬಸ್ಸು ಗೊತ್ತುಮಾಡಿದ್ದು ನಮ್ಮ ಕಂಬಳಿಗಳನ್ನು ಕೊಳ್ಳುತ್ತಿದ್ದ ಶಿರಾದ ಸಾಬರು. ಅವರೂ ಹೇಳಿದರು: "ಅರೇ ಅಮ್ಮಾ, ದೊರೆ ಎಲ್ಲಿ ಸಿಗ್ತಾರೆ? ನಾವು ಅರಮನೆ, ಮಡಿಕೇರಿ ನೋಡೋದು, ಬರೋದು, ಅಷ್ಟೇ." ಅಮ್ಮ ಕೇಳಬೇಕಲ್ಲ!

"ಮನೆ ಐತೆ ಅಂದ್ಮ್ಯಾಲೆ ಯಜಮಾನ ಇರಾಕಿಲ್ವಾ ಸಾಬ್ರೇ?" ಅಂದಳು. ಸಾಬರು ನಕ್ಕುಬಿಟ್ಟರು.

ಅರಮನೆಯ ಬಾಗಿಲು ದಾಟಿದ್ದೇ ತಡ, ನನ್ನ ಬಾಯಿ ಕಟ್ಟಿಹೋಯಿತು. ನನ್ನ ಬಾಯಿ ಕಟ್ಟುವುದು ಸಣ್ಣ ಮಾತಲ್ಲ, ಊರವರನ್ನೇ ಕೇಳಿ. ಮದುವೆ ಮಂಟಪದ ಚಾವಣಿಯ ತುಂಬ ಬಣ್ಣದ ಗಾಜಿನ ನವಿಲುಗಳು. ಮೇಲಿಂದ ಇಳಿದ ಬಿಸಿಲು ನಮ್ಮ ಸೀರೆಗಳ ಮೇಲೆ ಹಸಿರು ನೀಲಿಯಾಗಿ ಬಿದ್ದಿತ್ತು. ಅಮ್ಮ ಸೆರಗಿನ ಮೇಲೆ ಬಿದ್ದ ಬಣ್ಣವನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದಳು. ಬೆಳ್ಳಿಯ ಬಾಗಿಲು, ದಂತದ ಕುಸುರಿ, ದರ್ಬಾರು ಹಾಲಿನಲ್ಲಿ ಸಾಲು ಹಿಡಿದು ಹೋಗುವ ಕಂಬಗಳು. ಮಧುಗಿರಿ ಬೆಟ್ಟದ ಬುಡದಲ್ಲಿ ನಿಂತು ತಲೆಯೆತ್ತಿದಾಗ ಆಗುವ ಭಯ ಇಲ್ಲೂ ಆಯಿತು. ಆದರೆ ಬೆಟ್ಟ ತಾನಾಗಿ ಬೆಳೆದದ್ದು, ಇದನ್ನು ಮನುಷ್ಯರು ಕೂತು ಕೆತ್ತಿದ್ದಾರೆ. "ಯಾರ ಕೈಯಪ್ಪಾ ಇವು, ಎಂಥಾ ಕೈಯಪ್ಪಾ!" ಅನ್ನುತ್ತಾ ಅಮ್ಮ ಕಂಬಕಂಬಕ್ಕೂ ಕೈಮುಗಿದಳು.

ಆಗ ಹಾಲಿನ ತುದಿಯ ಬಾಗಿಲಿಂದ ಒಬ್ಬರು ಬಂದರು. ಜರಿ ಪೇಟ, ಉದ್ದ ಕೋಟು, ಸೊಂಟಕ್ಕೆ ಕೆಂಪು ಪಟ್ಟಿ, ತಿರುಚಿದ ಬಿಳಿ ಮೀಸೆ. ನಾನು ನೋಡನೋಡುತ್ತಲೇ ಅಮ್ಮ ಆ ನುಣುಪು ನೆಲದ ಮೇಲೆ ಕಂಬಳಿ ಹಾಸಿ, ಮೂಲೆಗೆ ಅರಿಶಿನ ಹಚ್ಚಿ, ಅಡ್ಡಬಿದ್ದುಬಿಟ್ಟಳು.

"ಮಾಸ್ವಾಮಿ, ಒಂದ್ ಗಳಿಗೆ ಕೂತ್ಕಳಿ. ನಮ್ಮ ಯಜಮಾನ್ರು ನಿಮಗೇ ಅಂತ ನೇಯ್ದಿದ್ದು."

ನೋಡಲು ಬಂದಿದ್ದ ಜನವೆಲ್ಲ ಗೊಳ್ಳೆಂದು ನಕ್ಕಿತು. ನಮ್ಮ ಬಸ್ಸಿನವನೇ ಒಬ್ಬ ಕೊರಟಗೆರೆಯವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. "ಏನಯ್ಯಾ ಹಲ್ಲು ಕಿರೀತೀಯ? ನಿಮ್ಮವ್ವ ಆಗಿದ್ರೂ ಇಂಗೇ ನಗ್ತಿದ್ದಾ?" ಎಂದು ಅರಮನೆ ಅನ್ನುವುದನ್ನೂ ನೋಡದೆ ಕೂಗಿದೆ.

ಪೇಟದವರು ಮಾತ್ರ ನಗಲಿಲ್ಲ. ಬಗ್ಗಿ ಅಮ್ಮನನ್ನು ಎಬ್ಬಿಸಿದರು. "ತಾಯಿ, ನಾನು ಬಾಗಿಲು ಕಾಯೋನು. ಇದರ ಮೇಲೆ ಕೂರೋ ಯೋಗ್ಯತೆ ನಂದಲ್ಲ. ದೊರೆಗಳು ಊರಲ್ಲಿಲ್ಲ" ಅಂದರು. ತಾವೇ ಕಂಬಳಿ ಮಡಚಿ, ಕಣ್ಣಿಗೊತ್ತಿಕೊಂಡು, ಅಮ್ಮನ ಕೈಗೆ ಕೊಟ್ಟರು.

ಅಮ್ಮ ಅವತ್ತು ಊಟ ಬಿಟ್ಟಳು. ಅಪ್ಪ ಹೋದಾಗಲೂ ಅಳದೆ ಮರಗಟ್ಟಿ ಕೂತಿದ್ದವಳು ಈಗಲೂ ಹಾಗೇ ಕೂತಳು. "ಇನ್ನಿದನ್ನ ಎಲ್ಲಿಗೆ ಒಯ್ಲಿ ಹೇಳು. ಹೊಳೆಗೆ ಬುಡ್ಲಾ?" ಎಂದು ನನ್ನನ್ನು ಕೇಳಿದಳು.

ಮಾರನೆಯ ದಿನ ಮಡಿಕೇರಿಯ ದಾರಿ. ಬೈಲುಕುಪ್ಪೆಯಲ್ಲಿ ಸಾಬರು ಬಸ್ಸು ನಿಲ್ಲಿಸಿದರು. ದೇಶ ಬಿಟ್ಟು ಬಂದ ಟಿಬೆಟ್ಟಿನವರು ಅಲ್ಲಿ ಕಾಡು ಕಡಿದು ಜೋಳ ಬೆಳೆಯುತ್ತಿದ್ದರು, ಒಂದು ಬುದ್ಧನ ಗುಡಿಯನ್ನೂ ಕಟ್ಟಿಕೊಂಡಿದ್ದರು. ಗುಡಿಯೆಂದರೆ ಬಿದಿರು ತಟ್ಟಿಯ ಗೋಡೆ, ಅಷ್ಟೆ. ಇದನ್ನೇನು ನೋಡುವುದು ಅಂತ ಗೊಣಗುತ್ತಲೇ ಒಳಗೆ ಕಾಲಿಟ್ಟೆ. ಅಬ್ಬಾ! ಕತ್ತಲಲ್ಲಿ ಸಾಲು ಸಾಲು ತುಪ್ಪದ ದೀಪ, ಅವುಗಳ ಹಿಂದೆ ಕಣ್ಣು ಅರೆಮುಚ್ಚಿ ಕೂತ ಹೊಂಬಣ್ಣದ ಬುದ್ಧ, ತೂಗುಬಿದ್ದ ಕೆಂಪು ಹಳದಿ ಬಟ್ಟೆಗಳು. ಎಲ್ಲ ಕಳೆದುಕೊಂಡು ಬಂದ ಜನ ತಮಗೆ ಮನೆ ಆಗುವ ಮೊದಲೇ ಇದನ್ನು ಮಾಡಿಕೊಂಡಿದ್ದರು. ಹಿಂದಿನ ದಿನ ಕಣ್ಣು ಬೆರಗಾಗಿತ್ತು, ಇಲ್ಲಿ ಜೀವವೇ ಝುಂ ಎಂದಿತು.

ಬುದ್ಧನ ಪಕ್ಕದಲ್ಲಿ ಎತ್ತರದ ಪೀಠವೊಂದು ಖಾಲಿಯಿತ್ತು. ಅದು ಯಾರದು ಎಂದು ಅಮ್ಮ ಕೇಳಿದಳು. ಮೈಸೂರಿನಲ್ಲಿ ಸ್ವೆಟರು ಮಾರಿ ಕನ್ನಡ ಕಲಿತಿದ್ದ ಒಬ್ಬ ಟಿಬೆಟ್ಟಿನ ಹೆಂಗಸು ಹೇಳಿದಳು: "ನಮ್ಮ ದೊರೆ, ನಮ್ಮ ಗುರು. ಎರಡೂ ಅವರೇ. ದೂರ ಇದಾರೆ. ಬರ್ತಾರೆ ಅಂತ ಹಾಕಿದೀವಿ."

ಅಮ್ಮ ಪೀಠದ ಮುಂದೆ ಕಂಬಳಿ ಹಾಸಿ ಕೈಮುಗಿದಳು. ದೀಪಕ್ಕೆ ತುಪ್ಪ ಎರೆಯುತ್ತಿದ್ದ ಮುದಿ ಸನ್ಯಾಸಿ ಹತ್ತಿರ ಬಂದರು. ಕಂಬಳಿಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದರು, ಮೂಗಿಗೆ ಹಿಡಿದು ಮೂಸಿದರು. ಕುರಿಯ ವಾಸನೆಗೆ ತಮ್ಮ ನಾಡು ನೆನಪಾಯಿತೋ ಏನೋ, ಅವರ ಕಣ್ಣು ತುಂಬಿಬಂತು. ತಮ್ಮ ಭಾಷೆಯಲ್ಲಿ ಏನೋ ಹೇಳಿ ಅಮ್ಮನತ್ತ ಕೈ ತೋರಿಸಿದರು.

"ದೊರೆ ಬರೋವರೆಗೂ ಜೋಪಾನ ಮಾಡ್ತಾರಂತೆ," ಅಂದಳು ಹೆಂಗಸು. "ಈಗ ನೀವು ಕೂತ್ಕೋಬೇಕಂತೆ. ದೂರದಿಂದ ಬಂದಿದೀರಿ, ಸುಸ್ತಾಗಿದೀರಿ."

ಅಮ್ಮ ಬೆಚ್ಚಿ ಹಿಂದೆ ಸರಿದಳು. "ಅಯ್ಯೋ ಶಿವನೇ, ಬುಡ್ತು ಅನ್ನಿ!" ನಮ್ಮಲ್ಲಿ ನೂತವರು, ನೇಯ್ದವರು ಹೊಸ ಕಂಬಳಿಯ ಮೇಲೆ ಕೂರುವುದಿಲ್ಲ. ಕೂತರೆ ಅದು ಬಳಸಿದ ಮಾಲು, ಸಂತೆಯಲ್ಲಿ ಯಾರೂ ಕೇಳುವುದಿಲ್ಲ. ಹುಟ್ಟಿದಾಗಿನಿಂದ ನೂತರೂ ನಮ್ಮಮ್ಮ ಹರಿದು ತೇಪೆ ಹಾಕಿದ್ದರ ಮೇಲೇ ಕೂತವಳು, ಮಲಗಿದವಳು. ಸನ್ಯಾಸಿ ಬಿಡಲಿಲ್ಲ. ಅವಳ ಮೊಣಕೈ ಹಿಡಿದು, ಮಗುವನ್ನು ಕೂರಿಸಿದಂತೆ ಮೆಲ್ಲಗೆ ಕೂರಿಸಿದರು. ಆಮೇಲೆ ತಾವು ಬರಿನೆಲದ ಮೇಲೆ ಅವಳೆದುರು ಕೂತು ಒಂದು ಬಟ್ಟಲು ಉಪ್ಪಿನ ಟೀ ಮುಂದಿಟ್ಟರು.

ಅಮ್ಮ ಟೀ ಮುಟ್ಟಲಿಲ್ಲ. ಎರಡು ಕೈಯಲ್ಲೂ ಕಂಬಳಿಯನ್ನು ಸವರುತ್ತ ಕೂತಿದ್ದವಳ ಭುಜ ಅಲುಗತೊಡಗಿತು. ಅಪ್ಪ ಹೋದ ಮೇಲೆ ಮೊದಲ ಸಲ ಅಮ್ಮ ಅತ್ತಳು, ಬಿಕ್ಕಿ ಬಿಕ್ಕಿ ಅತ್ತಳು. ಕೊನೆಗೆ ಸೆರಗಿನಿಂದ ಮೂಗೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಎಷ್ಟ್ ಬೆಚ್ಚಗೈತೆ ಕಣೆ ಇದು. ನಿಮ್ಮಪ್ಪ ಇಂಗೆ ನೇಯ್ತಿದ್ದ ಅಂತ ನಂಗೆ ಗೊತ್ತೇ ಇರ್ಲಿಲ್ಲ."