ಬಾಗಿಲಲ್ಲಿ ನಿಂತ ಚುರುಕಿನವರು

ನಮ್ಮ ರಸಾಯನಶಾಸ್ತ್ರದ ಮೇಷ್ಟ್ರ ಬಲಗೈ ತೋರುಬೆರಳಿನ ತುದಿ ಸದಾ ಹಳದಿ. ನೈಟ್ರಿಕ್ ಆಸಿಡ್ ತಾಗಿ ತಾಗಿ ಆದ ಬಣ್ಣ. ಆ ಬೆರಳನ್ನೇ ಎತ್ತಿ, "ಸುರೀಬೇಡ್ರಪ್ಪಾ, ಹನಿಸ್ರಿ," ಅನ್ನುತ್ತಿದ್ದರು. ಅರಸೀಕೆರೆ ಕಾಲೇಜಿನ ಲ್ಯಾಬಿನಲ್ಲಿ ಈ ಮಾತು ಕೇಳಿಸದ ದಿನವಿಲ್ಲ. ಕಾಫಿಯನ್ನೂ ಹಾಗೇ, ಆರಿ ತಣ್ಣಗಾಗುವವರೆಗೆ ಗುಟುಕರಿಸುತ್ತಿದ್ದರು. ನಮಗೆ ನಗು.

ಲ್ಯಾಬಿನಲ್ಲಿ ಇಬ್ಬಿಬ್ಬರು ಸೇರಿ ಪ್ರಯೋಗ ಮಾಡಬೇಕು. ಪಟ್ಟಣದ ಚುರುಕಾದವರು ಮೊದಲೇ ಬಂದು ಜೋಡಿಯಾಗಿಬಿಡುತ್ತಿದ್ದರು. ಹಳ್ಳಿಗಳಿಂದ ಜಾವಗಲ್ ಬಸ್ಸು ಹತ್ತಿ, ಇಳಿದು, ಏದುಸಿರು ಬಿಡುತ್ತಾ ತಡವಾಗಿ ಬರುವ ನಮಗೆ ನಾವೇ ಗತಿ. ಏನೂ ಬಾರದ ಇಬ್ಬರು ಸೇರಿದರೆ ಏನಾದೀತು? ನಾನು ಪ್ರಾಕ್ಟಿಕಲ್‌ನಲ್ಲಿ ಫೇಲಾದೆ. "ಇನ್ನೊಂದ್ ಸಲ ಹಿಂಗಾದ್ರೆ ಓದಿದ್ದು ಸಾಕು ಬುಡವ್ವ, ಮನೇಲಿರು," ಅಂದರು ಅಪ್ಪ.

ಆ ವಾರ ಮೇಷ್ಟ್ರು ಕೋಪಾಲಿಮರ್ ಪಾಠ ಮಾಡಿದರು. ಎರಡು ಬಗೆಯ ಪುಟ್ಟ ಅಣುಗಳು ಕೈಕೈ ಹಿಡಿದು ಕಟ್ಟುವ ಉದ್ದನೆಯ ಸರಪಳಿ ಅದು. ಎರಡನ್ನೂ ಒಮ್ಮೆಲೇ ಸುರಿದರೆ ಚುರುಕಿನವು ಮೊದಮೊದಲ ಸರಪಳಿಗಳಿಗೇ ಸೇರಿ ಖಾಲಿಯಾಗುತ್ತವೆ. ಕೊನೆಗೆ ಮಂದಗತಿಯವು ತಮ್ಮತಮ್ಮಲ್ಲೇ ಸೇರಿಕೊಳ್ಳಬೇಕು. ಹಾಗೆ ಮಾಡಿದ ಪ್ಲಾಸ್ಟಿಕ್ ಹಾಳೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮಸುಕಾಗಿತ್ತು. ಬಗ್ಗಿಸಿದರೆ ಲಟಕ್ಕನೆ ಮುರಿಯಿತು. ಚುರುಕಿನದನ್ನು ಹನಿಹನಿಯಾಗಿ ಬಿಟ್ಟು ಮಾಡಿದ ಇನ್ನೊಂದು ಹಾಳೆ ತಿಳಿಯಾಗಿತ್ತು, ಎಷ್ಟು ಬಗ್ಗಿಸಿದರೂ ಮುರಿಯಲಿಲ್ಲ.

ಮರುದಿನ ಮೇಷ್ಟ್ರು ಲ್ಯಾಬಿನ ಬಾಗಿಲಿಗೆ ಅಡ್ಡ ನಿಂತರು. ಚುರುಕಿನವರೆಲ್ಲ ಹೊರಗೆ! ಬಸ್ಸಿನವರಾದ ನಾವು ಬಂದು ಒಂದೊಂದು ಮೇಜಿಗೆ ಒಬ್ಬೊಬ್ಬರು ನಿಂತ ಮೇಲೆ, ಅವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟರು.

"ಬೇಗ ಬಂದಿದ್ದು ನಮ್ ತಪ್ಪಾ ಸರ್?" ಡಾಕ್ಟರ ಮಗಳು ಸಿಡುಕಿದಳು.

"ತಪ್ಪಲ್ಲ ಕಣಮ್ಮ. ನೀವ್ ನೀವೇ ಅಂಟ್ಕೊಂಡ್ರೆ ಕ್ಲಾಸೇ ಮಸುಕಾಗುತ್ತೆ. ಹೋಗು, ಅವಳ ಪಕ್ಕ ನಿಂತ್ಕೋ."

ಮುಖ ಊದಿಸಿಕೊಂಡೇ ನನ್ನ ಪಕ್ಕಕ್ಕೆ ಬಂದಳು. ಆಸಿಡ್ ಹನಿಸುವ ಗಾಜಿನ ಕೊಳವೆಯ, ಅಂದರೆ ಬ್ಯುರೆಟ್ಟಿನ, ತಿರುಗಣೆ ಹಿಡಿಯುವುದನ್ನು ನನಗೆ ಕಲಿಸಿದವಳು ಅವಳೇ. ಆ ವರ್ಷ ಪಾಸಾದೆ. ಅಪ್ಪ ಮತ್ತೆ ಆ ಮಾತೆತ್ತಲಿಲ್ಲ. ಈಗ ನಾನೂ ಅದೇ ವಿಷಯ ಪಾಠ ಮಾಡುತ್ತೇನೆ.

ಹೋದ ವರ್ಷ ಮೇಷ್ಟ್ರು ತೀರಿಕೊಂಡಾಗ ಅವರ ಮಗಳು ಹೇಳಿದಳು: ಹುಡುಗರನ್ನು ಬಾಗಿಲಲ್ಲಿ ನಿಲ್ಲಿಸಿದ್ದಕ್ಕೆ ಪೋಷಕರು ದೂರು ಕೊಟ್ಟಿದ್ದರಿಂದ, ಆ ವರ್ಷದ ಪರೀಕ್ಷೆ ಮುಗಿಯುತ್ತಲೇ ಕಾಲೇಜಿನವರು ಅಪ್ಪನಿಂದ ಲ್ಯಾಬ್ ಕಿತ್ತುಕೊಂಡರಂತೆ. ನನಗೆ ಗೊತ್ತೇ ಇರಲಿಲ್ಲ. ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಫಲಿತಾಂಶದ ದಿನ ಮೈಸೂರು ಪಾಕು ಹಿಡಿದು ಅವರ ಮನೆಗೆ ಹೋಗಿದ್ದೆನಲ್ಲ, ಆಗಲೇ ಅವರಿಗೆ ಲ್ಯಾಬ್ ಇರಲಿಲ್ಲ. ಅದರ ಸುದ್ದಿಯನ್ನೇ ಎತ್ತದೆ, ಒಂದು ತುಂಡು ಬಾಯಿಗೆ ಹಾಕಿಕೊಂಡು ಅವರು ಕೇಳಿದ್ದು ಇಷ್ಟೇ:

"ನಿನ್ ಪಕ್ಕದಲ್ಲಿ ನಿಂತಿದ್ದವಳಿಗೂ ಕೊಟ್ಯೇನಮ್ಮ?"